ಬಾಣಂತನ: ಕೊಡುವುದರಲ್ಲಿ ಎಲ್ಲರೂ ಸರಿ, ತಡೆಯುವುದರಲ್ಲೇ ತೊಂದರೆ

ಹೆರಿಗೆಯಾದ ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಹೊಕ್ಕುಳ ಮಟ್ಟದಲ್ಲಿ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿಂದ ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಕೆಳಗಿಳಿಯುತ್ತ, ಹತ್ತರಿಂದ ಹದಿನಾಲ್ಕು ದಿನದೊಳಗೆ ಸೊಂಟದ ಗೂಡಿನೊಳಗೆ ಸೇರಿಕೊಂಡು ಮೇಲಿನಿಂದ ಕೈಗೆ ಸಿಗದಂತಾಗುತ್ತದೆ. ಹತ್ತಿರಹತ್ತಿರ ಒಂದು ಕೆಜಿ ಇದ್ದದ್ದು ಆರು ವಾರಕ್ಕೆ 100 ಗ್ರಾಂನ ಒಳಗೆ ಬರುತ್ತದೆ. ಕೆಂಪಗೆ ಶುರುವಾದ ಸ್ರಾವ ಕಂದಾಗಿ, ಆಮೇಲೆ ಬಿಳುಪಾಗಿ, ನಾಲ್ಕರಿಂದ ಆರು ವಾರದಲ್ಲಿ ನಿಲ್ಲುತ್ತದೆ. ಒಬ್ಬರನ್ನೊಬ್ಬರು ಕಾಣದ ಜನರೂ ಬಾಣಂತಿಗೆ ನಲವತ್ತು ದಿನದ ಆಸುಪಾಸಿನ ಲೆಕ್ಕ ಇಟ್ಟುಕೊಂಡದ್ದು ಇದನ್ನೆಲ್ಲ ಕಣ್ಣಾರೆ ಕಂಡೇ ಇರಬೇಕು ಎನಿಸುತ್ತದೆ. ಮೆಕ್ಸಿಕೊದಲ್ಲಿ ಕ್ವಾರೆಂತೇನಾ ಎಂದು ನಲವತ್ತು ದಿನ, ಮಲಯ್ ಜನರಲ್ಲಿ ಪಂತಾಂಗ್ ಎಂದು ನಲವತ್ನಾಲ್ಕು ದಿನ, ಚೀನಾದಲ್ಲಿ ಒಂದು ತಿಂಗಳು, ಕೊರಿಯಾದಲ್ಲಿ ಏಳರಂತೆ ಮೂರು ಸಲ, ಅಂದರೆ ಇಪ್ಪತ್ತೊಂದು ದಿನ. ನಮ್ಮಲ್ಲಿ ಹನ್ನೊಂದಕ್ಕೆ ಪುರುಡು ಕಳೆದು, ನಲವತ್ತಕ್ಕೆ ಒಂದು ಹಂತ ಮುಗಿದು, ಚೊಚ್ಚಲಾದರೆ ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲೇ.

ಈ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬಾಣಂತಿಗೆ ಏನು ಕೊಡಬೇಕು ಎಂಬುದರಲ್ಲಿ ಎಲ್ಲ ಕಡೆಯವರೂ ಹೆಚ್ಚುಕಡಿಮೆ ಸರಿಯಾಗಿದ್ದಾರೆ: ವಿಶ್ರಾಂತಿ, ಬಿಸಿ ಊಟ, ಕೆಲಸಕ್ಕೆ ಇನ್ನೊಬ್ಬರ ಕೈ. ಏನು ಕೊಡಬಾರದು ಎಂಬುದರಲ್ಲಿ ಎಲ್ಲರೂ ಎಡವಿದ್ದಾರೆ. ನೀರು ಬೇಡ, ತರಕಾರಿ ಬೇಡ, ಗಾಳಿ ಬೇಡ, ಓಡಾಟ ಬೇಡ. ಬಾಣಂತನವನ್ನೇ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ಹಿರಿಯರು ಹೇಳಿದ್ದೆಲ್ಲ ವಿಜ್ಞಾನ ಎನ್ನುವವರ ಜೊತೆಗೂ ಇಲ್ಲ. ಕೊಡುವ ಪಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, ತಡೆಯುವ ಪಾಲನ್ನು ಒಂದೊಂದಾಗಿ ಪ್ರಶ್ನಿಸಬೇಕು ಎಂಬುದು ನನ್ನ ನಿಲುವು.

ಯಾರ ಕೈ?

ಕೊಡುವ ಪಾಲನ್ನು ಒಂದು ದೇಶ ಹೇಗೆ ಸರ್ಕಾರಿ ವ್ಯವಸ್ಥೆಯನ್ನಾಗಿಯೇ ಮಾಡಿಕೊಳ್ಳಬಹುದು ಎಂಬುದನ್ನು ನೆದರ್ಲೆಂಡ್ಸ್‌ನಲ್ಲಿ ನೋಡಬೇಕು. ಅಲ್ಲಿ ಹೆರಿಗೆಯಾದ ಮನೆಗೆ ತರಬೇತಾದ ಆರೈಕೆದಾರಳು ಬರುತ್ತಾಳೆ. ಕ್ರಾಮ್‌ಜೋರ್ಖ್ ಎಂಬ ಈ ಸೇವೆ ಮೂಲ ಆರೋಗ್ಯ ವಿಮೆಯಲ್ಲೇ ಸೇರಿದೆ. ಸಾಮಾನ್ಯವಾಗಿ ಎಂಟು ದಿನ ಇರುತ್ತದೆ. ಒಟ್ಟು ಕನಿಷ್ಠ 24 ಗಂಟೆ, ಅಗತ್ಯ ಬಿದ್ದರೆ 80 ಗಂಟೆಯವರೆಗೆ. ಆಕೆ ತಾಯಿಯ ಜ್ವರ ನೋಡುತ್ತಾಳೆ, ನಾಡಿ ನೋಡುತ್ತಾಳೆ, ಗರ್ಭಕೋಶ ಎಷ್ಟು ಬೆರಳು ಇಳಿದಿದೆ ಎಂದು ಒತ್ತಿ ನೋಡುತ್ತಾಳೆ, ಹೊಲಿಗೆ ನೋಡುತ್ತಾಳೆ, ಮಗುವಿನ ತೂಕ ಬರೆದಿಡುತ್ತಾಳೆ, ಎದೆಗೆ ಹಚ್ಚುವುದನ್ನು ಹೇಳಿಕೊಡುತ್ತಾಳೆ. ಮನೆಗೆಲಸದಲ್ಲೂ ಒಂದಿಷ್ಟು ಕೈಹಾಕುತ್ತಾಳೆ. ನೋಡಲು ಬಂದವರಿಗೆ ಅಲ್ಲಿ ಕೊಡುವುದು ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿದ ರಸ್ಕು. ಸೋಂಪು ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ಅಲ್ಲೂ ಹಳೆಯದು. ನಮ್ಮಲ್ಲಿ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಸೋಂಪು ಕೊಡುವುದೂ ಅದೇ ಲೆಕ್ಕದ ಮೇಲೆ.

ಜಪಾನಿನ ದಾರಿ ನಮ್ಮದಕ್ಕೆ ಇನ್ನೂ ಹತ್ತಿರ. ಸಾತೊಗಾಯೆರಿ ಎಂದರೆ ಹೆರಿಗೆಗೆ ತವರಿಗೆ ಹೋಗುವುದು. ಅಲ್ಲಿ ಆಗುವ ತೊಂದರೆ ನಮ್ಮಲ್ಲೂ ಆಗುತ್ತದೆ: ಏಳೆಂಟು ತಿಂಗಳು ಒಂದು ಆಸ್ಪತ್ರೆ, ಕೊನೆಯ ತಿಂಗಳು ಇನ್ನೊಂದು. ಹೊಸ ವೈದ್ಯರಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಜಪಾನ್ ಇದಕ್ಕೆ ಕಂಡುಕೊಂಡ ಪರಿಹಾರ ತಾಯಿಯ ಕೈಯಲ್ಲೇ ಇರುವ ಒಂದು ಪುಸ್ತಕ. 1942ರಲ್ಲಿ ಗರ್ಭಿಣಿಯರ ಕೈಪುಸ್ತಕವಾಗಿ ಶುರುವಾಗಿ, 1948ರಲ್ಲಿ ತಾಯಿ-ಮಗುವಿನ ಕೈಪುಸ್ತಕವಾಯಿತು. ನಮ್ಮ ತಾಯಿ ಕಾರ್ಡ್ ಕೂಡ ಅದಕ್ಕೇ ಇರುವುದು. ಅದನ್ನು ಸವಲತ್ತಿನ ಅರ್ಜಿಗೆ ಲಗತ್ತಿಸುವ ಕಾಗದ ಎಂದುಕೊಂಡು ಬೀರುವಿನಲ್ಲಿಡಬೇಡಿ. ತವರಿಗೆ ಹೊರಡುವಾಗ ರಕ್ತದ ಗುಂಪು, ಇತ್ತೀಚಿನ ಹಿಮೋಗ್ಲೋಬಿನ್, ಬಿಪಿ ಮತ್ತು ಸಕ್ಕರೆಯ ದಾಖಲೆ, ಸ್ಕ್ಯಾನ್ ವರದಿ ಎಲ್ಲ ಅದರ ಜೊತೆಗೇ ಇರಲಿ. ಹೋಗುವುದನ್ನು 34 ವಾರದೊಳಗೆ ಮುಗಿಸಿ, ಹೋದ ವಾರವೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಬಿಡಿ. ನೋವು ಬಂದ ರಾತ್ರಿ ಮೊದಲ ಸಲ ಆ ಬಾಗಿಲಿಗೆ ಹೋಗುವಂತಾಗಬಾರದು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ತವರು ಬೇರೆ ತಾಲ್ಲೂಕಿನಲ್ಲಿದ್ದರೆ ಈ ಆರು ಭೇಟಿಗಳು ಎರಡು ಊರಿನ ಪಟ್ಟಿಗಳ ನಡುವೆ ಕಳೆದುಹೋಗುತ್ತವೆ. ಮನೆಯವರೇ ತವರೂರಿನ ಆಶಾಗೆ ಫೋನ್ ಮಾಡಿ ಹೆಸರು ಬರೆಸಬೇಕು. ಕೂಲಿ ಮನೆಗಳ ಮಾತೇ ಬೇರೆ. ಅಲ್ಲಿ ನಲವತ್ತು ದಿನ ಎಂಬುದೇ ಸಿರಿವಂತಿಕೆ. 26 ವಾರಗಳ ಸಂಬಳ ಸಹಿತ ರಜೆಯ ಕಾನೂನು ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗಾಗಲಿ ಹೊಲದ ಕೆಲಸಕ್ಕಾಗಲಿ ಮುಟ್ಟುವುದಿಲ್ಲ. ಹದಿನೈದನೇ ದಿನಕ್ಕೆ ಕಳೆ ಕೀಳಲು ಹೋಗುವ ಹೆಣ್ಣುಮಗಳಿಗೆ ನಾನು ಮುಂದೆ ಬರೆದಿರುವುದರಲ್ಲಿ ನೀರು, ಊಟ, ಅಪಾಯದ ಲಕ್ಷಣ ಈ ಮೂರಾದರೂ ತಲುಪಬೇಕು.

ನೀರು

ತಡೆಯುವ ಪಾಲಿನಲ್ಲಿ ಅತಿ ಕೆಟ್ಟದ್ದು ಇದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತ. ಹೀಗೆಂದು ದಿನಕ್ಕೆ ಎರಡೋ ಮೂರೋ ಲೋಟಕ್ಕೆ ಇಳಿಸುವ ಮನೆಗಳು ಈಗಲೂ ಇವೆ. ತೈವಾನಿನಲ್ಲಿ ಕೆಲವರು ನೀರಿನ ಬದಲು ಅಕ್ಕಿಯ ಮದ್ಯವನ್ನು ಕುದಿಸಿ ಇಳಿಸಿ ಕೊಡುತ್ತಾರೆ. ಕುದಿಸಿದರೂ ಅದರ ಮದ್ಯಸಾರ ಪೂರ್ತಿ ಹೋಗಿರುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಬಸಿರಿನಲ್ಲಿ ಮೈಯಲ್ಲಿ ತುಂಬಿಕೊಂಡ ಹೆಚ್ಚಿನ ದ್ರವ ಹೆರಿಗೆಯಾದ ಮೊದಲ ವಾರ ಮೂತ್ರವಾಗಿ, ರಾತ್ರಿಯ ಬೆವರಾಗಿ ಹೊರಗೆ ಹೋಗುತ್ತದೆ. ಕಾಲು ಊದಿರುತ್ತದೆ, ಹೊಟ್ಟೆ ಮೆತ್ತಗೆ ಜೋತಿರುತ್ತದೆ. ನೋಡಿದವರಿಗೆ ಇದು ನೀರು ಹೆಚ್ಚಾದದ್ದು ಎನಿಸುವುದು ಸಹಜ. ಆದರೆ ಅದೇ ಹೊತ್ತಿಗೆ ರಕ್ತ ಹೋಗಿರುತ್ತದೆ, ಹಾಲಿನ ರೂಪದಲ್ಲಿ ದಿನಕ್ಕೆ 700ರಿಂದ 800 ಮಿಲೀ ಹೋಗಲು ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆರಿಗೆಯ ಹೊತ್ತಿನ ರಕ್ತಸ್ರಾವ ನಿಲ್ಲಿಸಲೆಂದು ದೇಹವೇ ರಕ್ತವನ್ನು ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಈ ಸ್ಥಿತಿ ಆರು ವಾರದವರೆಗೆ ಇರುತ್ತದೆ. ಇದಕ್ಕೆ ನೀರಿನ ಕೊರತೆ, ರಕ್ತಹೀನತೆ, ಮಲಗಿಯೇ ಇರುವುದು ಸೇರಿದರೆ ಕಾಲಿನ ಸಿರೆಯಲ್ಲಿ, ಕೆಲವೊಮ್ಮೆ ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಮಿದುಳಿನ ಸಿರೆಯ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಮೂರು ವಾರದೊಳಗೆ. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್ ಅಥವಾ ಒಂದು ಕೈ, ಒಂದು ಕಾಲು ಸೋತುಹೋಗುವುದು. ಬೇಗ ಗುರುತಿಸಿ ಹೆಪ್ಪು ಬೆಳೆಯದಂತೆ ತಡೆಯುವ ಹೆಪರಿನ್ ಮದ್ದು ಶುರು ಮಾಡಿದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಎರಡು ದಿನ ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ಎಷ್ಟು ಕುಡಿಯಬೇಕು? ಸಾರು, ಹಾಲು, ಗಂಜಿ ಎಲ್ಲ ಸೇರಿ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್, ಬೇಸಿಗೆಯಾದರೆ ಇನ್ನೂ ಸ್ವಲ್ಪ. ಸುಲಭ ದಾರಿ, ಹಾಸಿಗೆಯ ಪಕ್ಕ ಒಂದು ಲೀಟರಿನ ಚೊಂಬು ಅಥವಾ ಬಾಟಲಿ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತುಂಬುವುದು. ಮಗುವಿಗೆ ಹಾಲು ಕೊಡಲು ಕೂತಾಗೆಲ್ಲ ಒಂದು ಲೋಟ. ಮೂತ್ರ ತಿಳಿ ಹಳದಿ ಇದ್ದು ಮೂರ್ನಾಲ್ಕು ಗಂಟೆಗೊಮ್ಮೆ ಬರುತ್ತಿದ್ದರೆ ಸಾಕಾಗುತ್ತಿದೆ ಎಂದರ್ಥ. ಬಿಸಿನೀರೇ ಆಗಬೇಕು ಎನ್ನುವವರಿದ್ದರೆ ಬಿಸಿನೀರೇ ಆಗಲಿ, ಅದರಿಂದ ಏನೂ ಕೆಡುವುದಿಲ್ಲ. ನೀರು ಬೇಡ ಎನ್ನುವ ಅಜ್ಜಿಯ ಜೊತೆ ವಾದಕ್ಕಿಳಿಯುವುದಕ್ಕಿಂತ “ಜೀರಿಗೆ ಹಾಕಿ ಕುದಿಸಿದ ನೀರು ಕೊಡೋಣವಾ ಅಜ್ಜಿ?” ಎಂದು ಕೇಳಿದರೆ ಒಪ್ಪಿಗೆ ಸಿಗುವುದು ಹೆಚ್ಚು.

ಅನ್ನ, ಸಾರು, ಬಿ1

ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಮತ್ತು 17 ಗ್ರಾಂ ಪ್ರೋಟೀನು ಹೆಚ್ಚಿಗೆ ಬೇಕು. ಅಂಟಿನುಂಡೆ, ತುಪ್ಪ, ಕೊಬ್ಬರಿಯಿಂದ ಕ್ಯಾಲೊರಿ ಧಾರಾಳವಾಗಿ ಸಿಗುತ್ತದೆ. ಕೊರತೆಯಾಗುವುದು ಬೇರೆ ಕಡೆ. ಬೇಳೆ ವಾಯು, ಹಣ್ಣು ಶೀತ, ಮೊಸರು ಶೀತ, ಕುಂಬಳ ನಂಜು, ಬದನೆ ನಂಜು, ಮೊಟ್ಟೆ ಉಷ್ಣ ಎಂದು ತೆಗೆಯುತ್ತ ಹೋದರೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ಗಡಿಯಲ್ಲಿ ಒಂದು ಕಹಿ ಉದಾಹರಣೆಯಿದೆ. ಥಾಯ್ಲೆಂಡಿನ ಗಡಿಯ ಶಿಬಿರಗಳಲ್ಲಿದ್ದ ಕರೆನ್ ನಿರಾಶ್ರಿತರಲ್ಲಿ ಬಾಣಂತಿಯರು ಪಥ್ಯವೆಂದು ಪಾಲಿಶ್ ಅಕ್ಕಿಯ ಅನ್ನದ ಜೊತೆ ಬಹಳ ಕಡಿಮೆ ಪದಾರ್ಥ ತಿನ್ನುತ್ತಿದ್ದರು. ಬಿ1 ಜೀವಸತ್ವ, ಅಂದರೆ ಥಯಮಿನ್, ಅಕ್ಕಿಯ ತೌಡಿನ ಪದರದಲ್ಲಿರುತ್ತದೆ. ಪಾಲಿಶ್ ಮಾಡಿದರೆ ಹೋಗುತ್ತದೆ. ಉಳಿದದ್ದು ಮೂರ್ನಾಲ್ಕು ಸಲ ತೊಳೆದು, ಗಂಜಿ ಬಸಿದಾಗ ಹೋಗುತ್ತದೆ. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಬರುವುದಿಲ್ಲ. ಎರಡು ಮೂರು ತಿಂಗಳವರೆಗೆ ಚೆನ್ನಾಗಿದ್ದ, ಬರೀ ಎದೆಹಾಲು ಕುಡಿಯುವ ಮಗು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ವಾಂತಿ ಮಾಡಿ, ದನಿ ಒಡೆದು, ಏದುಸಿರು ಬಿಟ್ಟು, ಹೃದಯ ಸೋತು ಸಾಯುತ್ತಿತ್ತು. ಆ ಶಿಬಿರಗಳಲ್ಲಿ ಶಿಶುಗಳ ಸಾವಿಗೆ ಇದು ಮುಖ್ಯ ಕಾರಣವಾಗಿತ್ತು. ಹುಡುಕಿ ಹುಡುಕಿ ಥಯಮಿನ್ ಕೊಡಲು ಶುರು ಮಾಡಿದ ಮೇಲೆ ಇಳಿಯಿತು.

ಇದು ದೂರದ ಕಥೆಯಲ್ಲ. ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರು ಇದೇ ಚಿತ್ರವನ್ನು ನಮ್ಮ ರಾಜ್ಯದ ಮಕ್ಕಳಲ್ಲಿ ದಾಖಲಿಸಿದ್ದಾರೆ: ಎದೆಹಾಲು ಮಾತ್ರ ಕುಡಿಯುವ, ಕೆಲವೇ ತಿಂಗಳ ಮಗು. ಶ್ವಾಸಕೋಶದ ರಕ್ತನಾಳದಲ್ಲಿ ವಿಪರೀತ ಒತ್ತಡ. ತಾಯಿ ಪಾಲಿಶ್ ಅಕ್ಕಿಯ ಅನ್ನದ ಪಥ್ಯದಲ್ಲಿ. ಥಯಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದಲ್ಲೇ ಒತ್ತಡ ಇಳಿಯುತ್ತದೆ. ತಡವಾದರೆ ಮಗು ಉಳಿಯುವುದಿಲ್ಲ. ಹಾಲು ನಿರಾಕರಿಸಿ ಏದುಸಿರು ಬಿಡುವ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ತಾಯಿ ಏನು ತಿನ್ನುತ್ತಿದ್ದಾಳೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಿಕ್ಕು ಬದಲಿಸಬಲ್ಲದು.

ತಪ್ಪಿಸುವುದು ಕಷ್ಟವಿಲ್ಲ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಬಿ1 ಕಾಳಿನೊಳಕ್ಕೆ ಇಳಿಯುವುದರಿಂದ ಗಿರಣಿಗೆ ಹೋದರೂ ಬಹುಪಾಲು ಉಳಿಯುತ್ತದೆ. ಹಳೆ ಮೈಸೂರಿನವರಿಗೆ ರಾಗಿ, ಉತ್ತರದವರಿಗೆ ಜೋಳ ಇದ್ದೇ ಇವೆ. ಬಿಳಿ ಅಕ್ಕಿಯೇ ಆದರೆ ಒಮ್ಮೆ ಮಾತ್ರ ತೊಳೆದು, ಬಸಿಯದೆ ಇಂಗಿಸಿ ಮಾಡಿ. ದಿನಕ್ಕೆ ಒಂದು ಬಟ್ಟಲು ಗಟ್ಟಿ ಬೇಳೆ ಬೇಕೇ ಬೇಕು. ವಾಯುವಿನ ಭಯವಿದ್ದರೆ ಹೆಸರುಬೇಳೆಗೆ ಇಂಗು, ಶುಂಠಿ ಹಾಕಿ. ತಿನ್ನುವವರಾದರೆ ಮೊಟ್ಟೆ, ಮೀನು. ಊಟವಾದ ಮೇಲೆ ಬಾಣಂತಿಗೆ ಎಲೆ ಅಡಿಕೆ ಕೊಡುವ ರೂಢಿಯನ್ನು ನಿಲ್ಲಿಸಿ. ಅಡಿಕೆ ಬಿ1ಅನ್ನು ಕೆಡಿಸುತ್ತದೆ. ಊಟದ ಬೆನ್ನಿಗೇ ಕುಡಿಯುವ ಗಟ್ಟಿ ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಮಾತ್ರೆಗಳ ವಿಷಯ ಚಿಕ್ಕದು, ಆದರೆ ಬಹಳ ಮನೆಗಳಲ್ಲಿ ತಪ್ಪುತ್ತದೆ. ಕಬ್ಬಿಣದ ಮಾತ್ರೆ ಹೆರಿಗೆಗೆ ಮುಗಿಯುವುದಿಲ್ಲ, ಆಮೇಲೂ 180 ದಿನ ಇದೆ. ಕ್ಯಾಲ್ಸಿಯಂ 500 ಮಿಗ್ರಾಂನಂತೆ ದಿನಕ್ಕೆರಡು, ಅದೂ 180 ದಿನ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ತಿಂಡಿಗೆ ಮತ್ತು ರಾತ್ರಿ ಊಟಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನದ ಊಟವಾಗಿ ಎರಡು ಗಂಟೆಯ ಮೇಲೆ ನಿಂಬೆ ಪಾನಕದ ಜೊತೆ ಕಬ್ಬಿಣ ಎಂದು ಇಟ್ಟುಕೊಂಡರೆ ಗೊಂದಲವಿಲ್ಲ. ಮಲ ಕಪ್ಪಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ.

2017ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾದಾಗ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕಿತ್ತು. ಅನ್ನ, ಬೇಳೆ ಸಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ: ನಾನು ಮೇಲೆ ಹೇಳಿದ ಕೊರತೆಗಳನ್ನು ತುಂಬುವ ಊಟವೇ ಅದು. ಆದರೆ ಹೊಸಿಲು ದಾಟಬಾರದ ಹಸಿ ಬಾಣಂತಿ ಬೀದಿಯ ಕೊನೆಯ ಅಂಗನವಾಡಿಗೆ ನಡೆದು ಹೋಗುವುದು ಹೇಗೆ? ಆಚಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಎಷ್ಟೇ ಒಳ್ಳೆಯದಾದರೂ ಬಾಗಿಲಲ್ಲೇ ನಿಲ್ಲುತ್ತದೆ. ಮನೆಗೆ ಊಟ ತರುವ ಏರ್ಪಾಡು ನಿಮ್ಮ ಊರಿನಲ್ಲಿದ್ದರೆ ಮೊದಲ ವಾರದಿಂದಲೇ ತರಿಸಿಕೊಳ್ಳಿ.

ಕೊರಿಯಾದಲ್ಲಿ ತೊಂದರೆ ತಿರುಗುಮುರುಗು: ಕೊರತೆಯದಲ್ಲ, ಅತಿಯಾದದ್ದರದು. ಅಲ್ಲಿ ಬಾಣಂತಿಗೆ ಹೊತ್ತುಹೊತ್ತಿಗೂ ಕಡಲಪಾಚಿಯ ಸೂಪು. ಹುಟ್ಟುಹಬ್ಬದ ದಿನ ಎಲ್ಲರೂ ಅದನ್ನೇ ಕುಡಿದು ಹೆತ್ತವಳನ್ನು ನೆನೆಯುತ್ತಾರೆ. ಹಾಲೂಡಿಸುವ ತಾಯಿಗೆ ದಿನಕ್ಕೆ 250 ಮೈಕ್ರೊಗ್ರಾಂ ಅಯೋಡಿನ್ ಸಾಕು. ದಿನಕ್ಕೆ ಮೂರ್ನಾಲ್ಕು ಬಟ್ಟಲು ಆ ಸೂಪಿನಲ್ಲಿ ಅದರ ಹತ್ತು ಪಟ್ಟು ಸೇರಬಹುದು. ಅದು ಹಾಲಿನಲ್ಲಿ ಹೋಗಿ ಕೆಲವು ಶಿಶುಗಳ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವರ, ಥೈರಾಯ್ಡ್ ಮಂದವಾಗುತ್ತದೆ. ಒಳ್ಳೆಯ ಪದಾರ್ಥಕ್ಕೂ ಅಳತೆ ಬೇಕು.

ಅಂಟಿನುಂಡೆಗೂ ಅಳತೆ ಬೇಕು, ಹಾಗಾಗಿ ಅದರ ಲೆಕ್ಕ ಇಲ್ಲೇ ಕೊಡುತ್ತೇನೆ. ಒಣಕೊಬ್ಬರಿ ತುರಿ 250 ಗ್ರಾಂ, ಬೀಜ ತೆಗೆದು ಕುಟ್ಟಿದ ಉತ್ತತ್ತಿ 250, ಬೆಲ್ಲ 250, ಬಾದಾಮಿ-ಗೋಡಂಬಿ 100, ಅಂಟು 75, ತುಪ್ಪ 100 ಗ್ರಾಂ, ಎರಡು ಚಮಚ ಗಸಗಸೆ, ಒಂದು ಚಮಚ ಆಳ್ವಿ, ಸ್ವಲ್ಪ ಒಣಶುಂಠಿ ಪುಡಿ, ಜಾಯಿಕಾಯಿ. ಅಂಟನ್ನು ಕಡಲೆಕಾಳಿನ ಗಾತ್ರಕ್ಕೆ ಒಡೆದು, ಹದವಾದ ಉರಿಯಲ್ಲಿ ತುಪ್ಪ ಕಾಯಿಸಿ, ಒಂದೊಂದು ಹಿಡಿಯಷ್ಟೇ ಹಾಕಿ ಅರಳಿಸಬೇಕು. ತುಪ್ಪ ಸಾಕಷ್ಟು ಕಾಯದಿದ್ದರೆ ಹೊರಗೆ ಅರಳಿದಂತೆ ಕಂಡರೂ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತದೆ. ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಪುಡಿಯಾದರೆ ಸರಿ. ಕೊಬ್ಬರಿ, ಗಸಗಸೆ, ಉತ್ತತ್ತಿಯನ್ನು ಬೇರೆಬೇರೆಯಾಗಿ ಬೆಚ್ಚಗೆ ಹುರಿಯಿರಿ. ಕೊಬ್ಬರಿ ಕೆಂಪಾದರೆ ಹತ್ತು ದಿನಕ್ಕೇ ಕಮಟು ವಾಸನೆ ಬರುತ್ತದೆ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ನೊರೆ ಎದ್ದ ಕೂಡಲೇ ಇಳಿಸಿ. ಎಳೆಪಾಕ ಬರುವವರೆಗೆ ಬಿಟ್ಟರೆ ಉಂಡೆ ಕಲ್ಲಾಗುತ್ತದೆ. ಸುಮಾರು ಮೂವತ್ತು ಉಂಡೆ ಆಗುತ್ತವೆ. ಒಂದೊಂದರಲ್ಲಿ ಹತ್ತಿರಹತ್ತಿರ 160 ಕ್ಯಾಲೊರಿ. ದಿನಕ್ಕೆ ಎರಡು ಸಾಕು, ಮೂರು ಹೆಚ್ಚೆಂದರೆ. ಅಂಟು ನೀರು ಹೀರಿಕೊಳ್ಳುವ ಪದಾರ್ಥ. ನೀರು ಕಡಿಮೆ ಕುಡಿದು ಅಂಟಿನುಂಡೆ ತಿಂದರೆ ಮಲ ಕಟ್ಟಿ ಹೊಲಿಗೆಯ ಜಾಗದಲ್ಲಿ ಪ್ರಾಣ ಹೋಗುವಂಥ ನೋವು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಬೆಲ್ಲ, ಉತ್ತತ್ತಿ ಬಿಟ್ಟು ಕಾಯಿ-ಬೀಜಗಳಲ್ಲೇ ನಿಲ್ಲಲಿ. ಆರನೇ ವಾರದ ಆಸುಪಾಸಿನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಮರೆಯದಿರಲಿ.

ಬಿಸಿ, ಹೊಗೆ, ಕಟ್ಟು

ಹೆತ್ತ ಮೈ ತಣ್ಣಗಾಗಿದೆ, ಅದನ್ನು ಬೆಚ್ಚಗಾಗಿಸಬೇಕು ಎಂಬ ನಂಬಿಕೆ ಮೆಕ್ಸಿಕೊದಿಂದ ಮಲೇಷ್ಯಾದವರೆಗೆ ಒಂದೇ. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾಗಳಲ್ಲಿ ಬಾಣಂತಿಯನ್ನು ಬೆಂಕಿಯ ಪಕ್ಕ ಅಥವಾ ಕೆಂಡದ ಮೇಲಿನ ಮಂಚದಲ್ಲಿ ಮಲಗಿಸುತ್ತಿದ್ದರು. ನಮ್ಮಲ್ಲಿ ಮಂಚದ ಕೆಳಗೆ ಅಗ್ಗಿಷ್ಟಿಕೆ, ಲೋಬಾನ, ಸಾಂಬ್ರಾಣಿ. ಶಾಖದಿಂದ ಬೆನ್ನು, ಸೊಂಟ ಹಗುರಾಗುವುದು ನಿಜ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಮಲಗಿದವರು ಏಳುವುದಿಲ್ಲ. ವೇಗವಾಗಿ ಉಸಿರಾಡುವ ಮಗುವಿಗೆ ಮೊದಲು ಪೆಟ್ಟು. ಆದ್ದರಿಂದ ಮಲಗುವ ಕೋಣೆಯೊಳಗೆ ಕೆಂಡ ಬೇಡವೇ ಬೇಡ. ಕೋಣೆ 25ರಿಂದ 28 ಡಿಗ್ರಿ ಇದ್ದರೆ ಮಗುವಿಗೆ ಸಾಕು. ತಾಯಿಗೆ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಸೊಂಟಕ್ಕಿಡಿ. ಸಾಂಬ್ರಾಣಿ ಬೇಕೇ ಬೇಕೆಂದರೆ ತಾಯಿ ಮಗು ಇಲ್ಲದ ಹೊತ್ತಿನಲ್ಲಿ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬನ್ನಿ.

ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಸ್ವೆಟರ್ ಹಾಕಿಸುವುದೂ ಅಪಾಯವೇ. ಚೀನಾದಲ್ಲಿ ಎಸಿ ಹಾಕದೆ ಹೊದ್ದು ಮಲಗಿದ ಬಾಣಂತಿಯರು ಬಿಸಿಲಾಘಾತದಿಂದ ಸತ್ತ ಸುದ್ದಿ ಬಂದದ್ದುಂಟು. ಏಪ್ರಿಲ್‌ನ ರಾಯಚೂರು, ಕಲಬುರ್ಗಿಯಲ್ಲಿ ಇದನ್ನು ನೆನಪಿಡಬೇಕು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಅವರವರ ಇಷ್ಟ, ಅದರಿಂದ ನಷ್ಟವಿಲ್ಲ.

ಎಣ್ಣೆನೀರು ಒಳ್ಳೆಯ ಪದ್ಧತಿ, ಮೂರು ಎಚ್ಚರಿಕೆಗಳೊಂದಿಗೆ. ಸಿಸೇರಿಯನ್ ಗಾಯದ ಮೇಲೆ ಎಣ್ಣೆ ಬೇಡ. ನೀರು ಬಿದ್ದರೆ ಒತ್ತಿ ಒರೆಸಿ ಒಣಗಿಸಿ. ಹೊಟ್ಟೆ ನೀವುವುದನ್ನು ಆರು ವಾರ ಬಿಡಿ. ಎರಡನೆಯದು, ಸುಡುವ ನೀರನ್ನು ಬೆನ್ನಿಗೆ ಚೊಂಬಿನಿಂದ ರಪರಪನೆ ಎರಚಿದಾಗ ರಕ್ತನಾಳ ಹಿಗ್ಗಿ ಬಿಪಿ ಬೀಳುತ್ತದೆ. ರಕ್ತ ಕಡಿಮೆ ಇರುವ ಬಾಣಂತಿ ಬಚ್ಚಲಲ್ಲೇ ತಲೆಸುತ್ತಿ ಬೀಳುತ್ತಾಳೆ. ಮೊಳಕೈಗೆ ಬಿಸಿ ಎನಿಸದಷ್ಟು ಸಾಕು, ಕೂರಲು ಸ್ಟೂಲ್ ಇರಲಿ, ಒಳಗಿನಿಂದ ಚಿಲಕ ಬೇಡ. ಮೂರನೆಯದು ಮಗುವಿಗೆ ಸಂಬಂಧಿಸಿದ್ದು: ಮೂಗು, ಕಿವಿ, ಬಾಯಿಗೆ ಎಣ್ಣೆ ಬಿಡಬೇಡಿ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ನ್ಯುಮೋನಿಯಾ ತರುತ್ತದೆ, ಸಾಮಾನ್ಯ ಆಂಟಿಬಯೊಟಿಕ್‌ಗೆ ಅದು ಬಗ್ಗುವುದಿಲ್ಲ.

ಹೊಟ್ಟೆ ಕಟ್ಟುವುದು ಮಲಯ್ ಜನರಲ್ಲಿ ಒಂದು ಕಲೆಯೇ. ಬೆಂಗ್‌ಕುಂಗ್ ಎಂಬ ಬಲು ಉದ್ದದ ಬಟ್ಟೆಯನ್ನು ಸೊಂಟದಿಂದ ಮೇಲಕ್ಕೆ ಗಂಟು ಹಾಕುತ್ತ ಬರುತ್ತಾರೆ. ನಮ್ಮಲ್ಲಿ ಹಳೆಯ ಕಾಟನ್ ಸೀರೆ. ಸಿಸೇರಿಯನ್ ಆದವರಿಗೆ ಎದ್ದು ಓಡಾಡುವಾಗ ಇದರಿಂದ ನೋವು ಕಡಿಮೆ. ಹೊಟ್ಟೆಯ ಕೊಬ್ಬು ಇದರಿಂದ ಕರಗುವುದಿಲ್ಲ, ಗರ್ಭಕೋಶ ಬೇಗ ಇಳಿಯುವುದೂ ಇಲ್ಲ. ಬಿಗಿ ಹೆಚ್ಚಾದರೆ ಒತ್ತಡವೆಲ್ಲ ಕೆಳಗೆ, ಹೆರಿಗೆಯಲ್ಲಿ ಸಡಿಲವಾದ ಸ್ನಾಯುಗಳ ಮೇಲೆ ಬೀಳುತ್ತದೆ. ಕೆಮ್ಮಿದರೆ ಮೂತ್ರ ಸೋರುವುದು, ಗರ್ಭಕೋಶ ಜಾರುವುದು ಹೆಚ್ಚುತ್ತದೆ. ಎರಡು ಬೆರಳು ಸಲೀಸಾಗಿ ಒಳಹೋಗುವಷ್ಟು ಸಡಿಲ ಇರಲಿ, ಮಲಗುವಾಗ ಬಿಚ್ಚಿ. ಆ ಸ್ನಾಯುಗಳು ಗಟ್ಟಿಯಾಗಬೇಕೆಂದರೆ ಮೂತ್ರ ಹಿಡಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡುವುದನ್ನು ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಿ. ಸಹಜ ಹೆರಿಗೆಯಾದರೆ ಅದೇ ದಿನ, ಸಿಸೇರಿಯನ್ ಆದರೆ ಮರುದಿನದೊಳಗೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ವಿಶ್ರಾಂತಿ ಎಂದರೆ ಭಾರ ಎತ್ತದಿರುವುದು, ಅಡುಗೆಮನೆಗೆ ಹೋಗದಿರುವುದು. ಹಾಸಿಗೆಗೆ ಅಂಟಿಕೊಂಡಿರುವುದಲ್ಲ.

ಮನಸ್ಸು

ತುಂಬಿದ ಮನೆಯಲ್ಲಿ ಬಾಣಂತಿಗೆ ಖಿನ್ನತೆ ಬರುವುದಿಲ್ಲ ಎಂಬುದು ನಮ್ಮವರ ಹೆಮ್ಮೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರೆಂಟು ವಾರಕ್ಕೆ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ, ಗಂಡನ ಜೊತೆಗಿನ ಸಂಬಂಧ, ಹುಟ್ಟಿದ್ದು ಹೆಣ್ಣು ಎಂಬ ಕೊಂಕು ಇವೆಲ್ಲ ಅದರ ಹಿಂದೆ ಇದ್ದವು. ಸುತ್ತ ಜನ ಇದ್ದರೆ ಸಾಲದು, ಅವರು ಅವಳ ಕಡೆಯವರಾಗಿರಬೇಕು. ಹೆರಿಗೆಯಾದ ಮೂರನೇ ದಿನದ ಹೊತ್ತಿಗೆ ತಾಯಿಗೆ ಸುಮ್ಮಸುಮ್ಮನೆ ಬರುವ ಅಳು ಹತ್ತನೇ ದಿನದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲೇ ಮನಸ್ಸಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬಾಣಂತಿ ಸನ್ನಿ ಎಂದು ಊರುಗಳಲ್ಲಿ ಕರೆಯುವುದರಲ್ಲಿ ಮೂರು ಬೇರೆಬೇರೆ ಕಾಯಿಲೆಗಳು ಅಡಗಿರುತ್ತವೆ: ಗರ್ಭಕೋಶದ ಸೋಂಕಿನ ಜ್ವರ ತಲೆಗೇರಿದ್ದು, ಮೇಲೆ ಹೇಳಿದ ಮಿದುಳಿನ ಸಿರೆಯ ಹೆಪ್ಪು, ಮತ್ತು ಇದ್ದಕ್ಕಿದ್ದಂತೆ ಬರುವ ತೀವ್ರ ಮನೋರೋಗ. ಮೂರಕ್ಕೂ ಆ ದಿನವೇ ಆಸ್ಪತ್ರೆ ಬೇಕು, ಮೂರೂ ಗುಣವಾಗುವಂಥವು. ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಅಗಲಿಸದೆ ನೋಡಿಕೊಳ್ಳುವ ತಾಯಿ-ಮಗು ವಾರ್ಡೇ ಇದೆ.

ಹೊರದೇಶದಲ್ಲಿ

ಅಮೆರಿಕದಲ್ಲಿ ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ ಆಸ್ಪತ್ರೆ ವಾಸಕ್ಕೆ ವಿಮೆ ಕೊಡಲೇಬೇಕು ಎಂದು 1996ರ ಕಾನೂನು ಹೇಳುತ್ತದೆ. ಆಮೇಲೆ ಆರನೇ ವಾರದವರೆಗೆ ಯಾರೂ ಕೇಳುತ್ತಿರಲಿಲ್ಲ. 2018ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘವೇ ಇದು ಸಾಲದೆಂದು ಒಪ್ಪಿ, ಮೂರು ವಾರದೊಳಗೆ ಒಮ್ಮೆ ವಿಚಾರಿಸಬೇಕು, 12 ವಾರದೊಳಗೆ ಪೂರ್ತಿ ತಪಾಸಣೆ ಮುಗಿಸಬೇಕು ಎಂದಿತು. ಈ ಖಾಲಿ ಜಾಗವನ್ನು ತುಂಬಲು ನಮ್ಮೂರಿನ ಅಮ್ಮಂದಿರು ವಿಮಾನ ಹತ್ತುತ್ತಾರೆ. ಹೆರಿಗೆಗೆ ವೈದ್ಯರು ಕೊಟ್ಟ ತಾರೀಖಿಗೆ ಎರಡು ಮೂರು ವಾರ ಮೊದಲೇ ಅವರು ಬಂದಿಳಿಯುವಂತೆ ಟಿಕೆಟ್ ಮಾಡಿಸಿ, 37 ವಾರದ ಮೇಲೆ ಯಾವಾಗ ಬೇಕಾದರೂ ನೋವು ಬರಬಹುದು. ಸಾಂಬ್ರಾಣಿ ಹಾಕಿದರೆ ಹೊಗೆ ಅಲಾರಾಂ ಕೂಗುತ್ತದೆ ಎಂದು ಮೊದಲೇ ಹೇಳಿಡಿ, ಅಲಾರಾಂನ ಬ್ಯಾಟರಿ ಮಾತ್ರ ತೆಗೆಯಬೇಡಿ. ಲೇಬಲ್ ಇಲ್ಲದ ಲೇಹ್ಯ, ಭಸ್ಮ ಸೂಟ್‌ಕೇಸಿನಲ್ಲಿ ಬೇಡ. ಕೆಲವು ಆಯುರ್ವೇದ ಔಷಧಿಗಳಿಂದ ಗರ್ಭಿಣಿಯರಿಗೆ ಸೀಸದ ವಿಷವೇರಿದ ಪ್ರಕರಣಗಳು ನ್ಯೂಯಾರ್ಕಿನಲ್ಲೇ ದಾಖಲಾಗಿವೆ. ಮತ್ತು ಬಂದ ಅಮ್ಮನಿಗೇ ಬಿಪಿ, ಶುಗರ್ ಇರುತ್ತದೆ. ಅವರ ಮಾತ್ರೆ, ಅವರ ವಿಮೆ, ಅವರ ನಿದ್ದೆ ನೋಡಿಕೊಳ್ಳುವ ಕೆಲಸ ಅಳಿಯನದು.

ಎಲ್ಲೇ ಇರಲಿ, ಕೆಳಗಿನವು ಕಂಡರೆ ಪಥ್ಯ, ಮುಹೂರ್ತ, ನಲವತ್ತು ದಿನ ಯಾವುದನ್ನೂ ನೋಡದೆ ಹೊರಡಿ. ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆಯಾದರೂ ನಿಲ್ಲದ ರಕ್ತ, ಮೊಟ್ಟೆಗಿಂತ ದೊಡ್ಡ ಗಡ್ಡೆ. 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ದುರ್ವಾಸನೆಯ ಸ್ರಾವ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು. ಬಗ್ಗದ ತಲೆನೋವು, ಕಣ್ಣು ಮಂಜು. ಬಿಪಿ 140/90 ದಾಟಿದರೆ ಅದೇ ದಿನ ವೈದ್ಯರ ಹತ್ತಿರ, 160/110 ಆದರೆ ಆ ಗಳಿಗೆಯೇ. ಬಸಿರಿನಲ್ಲಿ ಬಿಪಿ ಇಲ್ಲದಿದ್ದವರಿಗೂ ಹೆರಿಗೆಯ ನಂತರ ಆರು ವಾರದವರೆಗೆ ನಂಜಿನ ಬಿಪಿ ಏರಬಹುದು, ಅದರಲ್ಲೂ ಮೊದಲ ಹತ್ತು ದಿನ. ಹಾಗಾಗಿ ಮನೆಯಲ್ಲಿ ತಾತನ ಬಿಪಿ ಯಂತ್ರ ಇದ್ದರೆ ಆ ಹತ್ತು ದಿನ ಬಾಣಂತಿಯ ಕೋಣೆಯಲ್ಲಿರಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಐದು ನಿಮಿಷ ಕೂತ ಮೇಲೆ ನೋಡಿ, ತಾಯಿ ಕಾರ್ಡಿನ ಹಿಂದೆ ಬರೆದಿಡಿ. ಆಂಬುಲೆನ್ಸ್‌ಗೆ 108.